ಏಳು ಸ್ನೇಹ ಪಂದ್ಯಗಳ ಪಾಸುಗಳು

ಏಪ್ರಿಲ್ 6, ಭಾನುವಾರ, ಬೆಳಿಗ್ಗೆ 7.20ಕ್ಕೆ ಬರೆಯಲು ಕೂತಿದ್ದೇನೆ. ಎದುರಿಗೆ ನಾಲ್ಕು ಚಳಿಗಾಲ ತುಂಬಿದ ನೋಟ್‌ಬುಕ್. ಅದರಲ್ಲಿ ನಾನು ನೋಡಿದ ಐಸ್ ಹಾಕಿ ಪಂದ್ಯಗಳು ಐವತ್ತೆಂಟು. ಎಲ್ಲವೂ ಒಬ್ಬ ಸ್ವಿಸ್ ಆಟಗಾರನಿಗಾಗಿ.

ನಾನು ಮೈಸೂರಿನಿಂದ ಜಪಾನಿನ ಕನಗಾವಾದ ಕಾರ್ಖಾನೆಗೆ ಬಂದ ವರ್ಷವೇ ಅವನೂ ಇಲ್ಲಿನ ತಂಡಕ್ಕೆ ಬಂದ. ಸ್ವಿಟ್ಜರ್ಲೆಂಡಿನಲ್ಲಿ ಹನ್ನೊಂದು ವರ್ಷ ವೃತ್ತಿಪರನಾಗಿ ಆಡಿದ್ದನಂತೆ; ಮೊಣಕಾಲಿಗೆ ಪೆಟ್ಟಾದ ಮೇಲೆ ಅಲ್ಲಿ ಕೈಬಿಟ್ಟರಂತೆ. ಇಲ್ಲಿ ಪರೀಕ್ಷೆಗೆಂದು ಮೊದಲು ಏಳು ಸ್ನೇಹ ಪಂದ್ಯ ಆಡಿಸಿದರು. ಊರಂಚಿನ ಹಳೇ ಐಸ್ ರಿಂಕ್, ನೋಡುವವರು ಮೂವತ್ತು ದಾಟುತ್ತಿರಲಿಲ್ಲ. ಏಳಕ್ಕೂ ನಾನಿದ್ದೆ. ಶನಿವಾರ ಹೋಗಲು ಬೇರೆ ಜಾಗ ಗೊತ್ತಿರಲಿಲ್ಲ.

ಆಮೇಲೆ ಅವನು ಜನಪ್ರಿಯನಾದ. ಎದುರಾಳಿಯನ್ನು ಗೋಡೆಗೆ ಒತ್ತಿ ಕೆಡವಿ, ಬಗ್ಗಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಹೋಗುತ್ತಿದ್ದ. ಇಡೀ ರಿಂಕ್ ನಗುತ್ತಿತ್ತು. ಎರಡನೇ ಚಳಿಗಾಲಕ್ಕೆ ಬೀದಿಯ ಕೊಂಬಿನಿ ಅಂಗಡಿಯ ಗಾಜಿನ ಮೇಲೆ ಅವನ ಚಿತ್ರ. ಅವನ ನಂಬರಿನ ಟವೆಲ್ ಎತ್ತಿ ಹಿಡಿದವರನ್ನು ಒಂದೇ ಸಾಲಿನಲ್ಲಿ ಇಪ್ಪತ್ತಾರು ಎಣಿಸಿದ್ದೆ.

ಈ ಫೆಬ್ರುವರಿಯಲ್ಲಿ ಅವನು ನಿವೃತ್ತಿ ಘೋಷಿಸಿದ. ಕೊನೆಯ ಪಂದ್ಯದ ದಿನ ಕೊಡಲು ಅಭಿಮಾನಿಗಳು ಒಂದು ಕೈಬರಹದ ಪುಸ್ತಕ ಮಾಡಹೊರಟರು. ಹೊಣೆ ಹೊತ್ತವರು ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹಿರಿಯ ಜಪಾನಿ ಸಹೋದ್ಯೋಗಿ. ಲೀಗ್ ಪಂದ್ಯಗಳ ಲೆಕ್ಕ ತಂಡದ ಬಳಿ ಇತ್ತು. ಸ್ನೇಹ ಪಂದ್ಯಗಳದ್ದನ್ನು ನನ್ನ ಹೊರತು ಯಾರೂ ಇಟ್ಟಿರಲಿಲ್ಲ. ಆ ಸಹೋದ್ಯೋಗಿಯೂ ಆಗ ದೂರದ ಹಮಾಮತ್ಸು ಊರಿನಲ್ಲಿದ್ದರು. ಮೊದಲ ಪುಟ ನಿನ್ನದು ಎಂದರು. ಹೆಮ್ಮೆಯಿಂದ ನೋಟ್‌ಬುಕ್ ತೆರೆದೆ.

"ಏಳು ಪಂದ್ಯಕ್ಕೆ ಒಂದೇ ಗೋಲಾ? ಹಾಗಾದ್ರೆ ಬಗ್ಗೋದು ಚೆನ್ನಾಗಿದೆ ಅಂತ ಇವನನ್ನ ಸೇರಿಸಿಕೊಂಡ್ರಾ? ಪಾಸುಗಳೆಲ್ಲಿ?" ಎಂದರು ಅವರು, ಪುಟದ ಮೇಲೆ ಬೆರಳಾಡಿಸಿ.

ಈ ಆಟದಲ್ಲಿ ಗೋಲಿಗೆ ಮುಂಚೆ ಪಾಸು ಕೊಟ್ಟ ಇಬ್ಬರ ಹೆಸರನ್ನೂ ಬರೆಯುತ್ತಾರೆ. ನಾನೋ ಬಡಾವಣೆಯ ಕ್ರಿಕೆಟ್ ತಂಡಕ್ಕೆ ಆರು ವರ್ಷ ಸ್ಕೋರರ್ ಆಗಿದ್ದವನು. ನಮ್ಮಲ್ಲಿ ರನ್ನು ಹೊಡೆದವನದು, ಎದುರು ತುದಿಯಿಂದ ಓಡಿದವನಿಗೆ ಏನೂ ಇಲ್ಲ. ಅದೇ ಕೈಯಲ್ಲಿ ತಂಡದ ಹದಿನೆಂಟು ಗೋಲಿಗೆ ಹದಿನೆಂಟು ಹೆಸರು ಬರೆದು ಮುಗಿಸಿದ್ದೆ. ಅವನಿಗೆ ಕೆಲಸ ಕೊಡಿಸಿದ ಆಟವೇ ನನ್ನ ಪುಟದಲ್ಲಿ ಇರಲಿಲ್ಲ.

ಅಂದಾಜಿನ ಮೇಲೆ ತುಂಬಲೇ ಎಂದೆ. ಅವರು ಒಪ್ಪಲಿಲ್ಲ. ಸ್ಕೇಲು ಇಟ್ಟು, ಪ್ರತಿ ಗೋಲಿನ ಎದುರು ಅವನ ಪಾಸಿಗೆಂದು ಒಂದೊಂದು ಖಾಲಿ ಮನೆ ಗೆರೆ ಎಳೆದು ಕೊಟ್ಟರು.

ಕೊನೆಯ ಪಂದ್ಯ ಮುಗಿದು, ಅವನು ರಿಂಕಿನ ಸುತ್ತ ಎಲ್ಲರ ಕೈಗೆ ಗ್ಲೌಸ್ ತಾಗಿಸುತ್ತಾ ನಮ್ಮೆದುರು ನಿಂತ. ಪುಸ್ತಕ ಕೊಟ್ಟೆವು; ಮೊದಲ ಪುಟ ತೆರೆದ. ಹರಕು ಜಪಾನಿಯಲ್ಲಿ ನನ್ನ ತಪ್ಪು ಹೇಳಿಕೊಂಡೆ. ಅವನು ಗ್ಲೌಸ್ ಕಳಚಿ, ಪೆನ್ನು ಕೇಳಿ, ಎರಡು ಮನೆಗಳಲ್ಲಿ ತನ್ನ ನಂಬರ್ ಬರೆದ. ಮೂರನೆಯದರಲ್ಲಿ ಪೆನ್ನು ನಿಂತಿತು.

"ಉಳಿದದ್ದು ನನಗೂ ನೆನಪಿಲ್ಲ," ಎಂದ. "ಮೂಲೇಲಿ ಕೂತು ಬರೀತಿದ್ದವನು ನೀನೇನಾ? ಒಬ್ಬನಾದ್ರೂ ನನ್ನ ಲೆಕ್ಕ ಇಡ್ತಿದ್ದಾನೆ ಅಂದ್ಕೊಂಡಿದ್ದೆ."

ನಾನು "ಸುಮಿಮಾಸೆನ್" ಅಂದೆ. ಅವನು ನಕ್ಕು, ನನಗಿಂತ ಆಳವಾಗಿ ಬಗ್ಗಿದ.

ಆ ಪುಟದ ನಕಲು ನನ್ನಲ್ಲಿದೆ. ಅವನದೇ ಗೋಲು ಬಿಟ್ಟರೆ ಇನ್ನೂ ಹದಿನೈದು ಮನೆ ಖಾಲಿ. ಆ ಮೂವತ್ತು ಜನರಲ್ಲಿ ಯಾರಾದರೂ ಇದನ್ನು ಓದಿದರೆ, ಒಂದೇ ಒಂದು ಪಾಸು ನೆನಪಿದ್ದರೂ ಸರಿ, ಈ ಪತ್ರಿಕೆಗೆ ಬರೆದು ತಿಳಿಸಿ. ಅವನಿಗೆ ತಲುಪಿಸುತ್ತೇನೆ.