ಅಟ್ಟವೇರಿದ ಉಲ್ಕೆ

ಬ್ರಿಟಿಷರಿದ್ದ ಕಾಲ. ಬಣಕಲ್ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಅಲ್ಲಿನ ದೊರೆಗೆ ಉಲ್ಕೆಗಳ ಹುಚ್ಚು. ಆಕಾಶದಿಂದ ಬಿದ್ದ ಚೂರುಗಳನ್ನು ಎಲ್ಲೆಲ್ಲಿಂದಲೋ ತರಿಸಿಕೊಂಡಿದ್ದರು. ಅವುಗಳಲ್ಲಿ ನಿಂಬೆಹಣ್ಣಿನ ಗಾತ್ರದ, ಬರೀ ಕಬ್ಬಿಣದ ತುಂಡೊಂದೆಂದರೆ ಅವರಿಗೆ ಪ್ರಾಣ. ನೂರು ವರ್ಷಗಳಿಂದ ಅದನ್ನು ಕಾಪಾಡಿದವರ ಹೆಸರುಗಳೆಲ್ಲ ಅದರ ಚೀಟಿಯಲ್ಲಿ ಸಾಲಾಗಿದ್ದವು. ರಜೆಯ ಮೇಲೆ ತಮ್ಮ ಊರಿಗೆ ಹೊರಟಾಗ ಅದನ್ನು ನನ್ನ ಕೈಗಿತ್ತು, ಬರುವವರೆಗೆ ಜೋಪಾನ ಎಂದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸುಮ್ಮನೆ ಎತ್ತಿಡಬೇಕಿತ್ತು. ಆಕಾಶದಿಂದ ಇಳಿದು ಬಂದದ್ದನ್ನು ಪೆಟ್ಟಿಗೆಯಲ್ಲಿಡುವುದೇ ಎಂದು ದೇವರ ಗೂಡಿನಲ್ಲಿಟ್ಟು ದಿನವೂ ನೀರೆರೆದೆ. ಮಳೆಗಾಲ ಬೇರೆ. ಆಷಾಢದ ಹೊತ್ತಿಗೆ ಮೈತುಂಬ ತುಕ್ಕು. ಮುಟ್ಟಿದರೆ ಹಕ್ಕಳೆ ಉದುರುತ್ತಿತ್ತು. ದೊರೆಗೆ ಯಾವ ಮುಖ ತೋರಿಸಲಿ? ಅನ್ನ ಸೇರದಾಯಿತು.

ಕೂಲಿಯಾಳುಗಳ ಲೈನುಮನೆಗಳಲ್ಲಿ ಒಬ್ಬ ಅಜ್ಜಿ ಇದ್ದಳು. ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ ಮುಗಿದೊಡನೆ ಕತ್ತಿಗಳನ್ನೆಲ್ಲ ಉಜ್ಜಿ, ಎಣ್ಣೆ ಸವರಿ, ತುಕ್ಕು ಹಿಡಿಯದಂತೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುವುದು ಅವಳ ಕೆಲಸ. ನನ್ನ ಗೋಳು ಕೇಳಿ ಬಂದು ನೋಡಿದಳು.

"ಇದೂ ಕಬ್ಬಿಣವೇ ಅಲ್ವ ರೈಟ್ರೆ? ಕಬ್ಬಿಣಕ್ಕೆ ಯಾರಾದ್ರೂ ದಿನಾ ನೀರು ಹೊಯ್ತಾರಾ?"

ಕೇಳದೆಯೇ ಎತ್ತಿಕೊಂಡು ಹೋದಳು. ಮಸಿ ಹಿಡಿಸಿ ಹಾಳು ಮಾಡುತ್ತಾಳೆಂದು ನಾನು ಹಾರಾಡಿದೆ. ಹಾಳು ಮಾಡಿದವನು ನಾನೇ ಎಂಬುದು ಆ ಸಿಟ್ಟಿನಲ್ಲಿ ನೆನಪಾಗಲಿಲ್ಲ. ಅವಳಂತೂ ಕಿವಿಗೆ ಹಾಕಿಕೊಳ್ಳದೆ ಅದನ್ನೂ ಉಜ್ಜಿ, ಎಣ್ಣೆ ಸವರಿ ಅಟ್ಟಕ್ಕೇರಿಸಿದಳು.

ಮಳೆ ಕಳೆದ ಮೇಲೆ ದೊರೆ ಬಂದರು. ಅಟ್ಟದಿಂದ ಇಳಿಸಿದ ತುಂಡನ್ನು ಬಟ್ಟೆಯಿಂದ ಒರೆಸಿದರೆ ಕರ್ರಗೆ ಮಿರುಗಿತು. ಒಂದು ಬದಿಯಲ್ಲಿ ಮಾತ್ರ ನನ್ನ ನೀರು ತಿಂದ ಕುಳಿ. ನಡೆದದ್ದೆಲ್ಲ ಹೇಳಿದೆ. ದೊರೆ ಕುಳಿಯ ಮೇಲೆ ಬೆರಳಾಡಿಸಿದರು. ಆಮೇಲೆ ಚೀಟಿಯನ್ನು ನನ್ನ ಮುಂದಿಟ್ಟು, ಕಾಪಾಡಿದವರ ಸಾಲಿನಲ್ಲಿ ಅಜ್ಜಿಯ ಹೆಸರು ಬರೆಯಲು ಹೇಳಿದರು. ನನ್ನದೂ ಬರಲಿ ಎಂಬ ಆಸೆ ಇತ್ತು, ಸುಳ್ಳೇಕೆ. ಆದರೆ ಅಂದು ನನ್ನ ಮಾನ ಉಳಿಸಿದವಳು ಅವಳು. ಆ ಋಣ ಇಂದಿಗೂ ತೀರಿಲ್ಲ.

ಚೀಟಿಯನ್ನು ಅವಳಿಗೆ ಓದಿ ಹೇಳಿದೆ. ಸೆರಗಿನಲ್ಲಿ ಕೈಯೊರೆಸಿಕೊಂಡು ಅಕ್ಷರಗಳನ್ನು ಮುಟ್ಟಿದಳು.

"ಹಾಜರಿ ಪುಸ್ತಕ ಬಿಟ್ರೆ ನನ್ ಹೆಸ್ರನ್ನ ಯಾರೂ ಎಲ್ಲೂ ಬರ್ದಿರ್ಲಿಲ್ಲ. ಇನ್ನೊಂದ್ಸಲ ಓದಿ ಮಾರಾಯ್ರೆ."

ದಿನವೂ ಬೆಳಿಗ್ಗೆ ಹಾಜರಿಗೆ ಗದರಿ ಕೂಗುತ್ತಿದ್ದ ಹೆಸರನ್ನು ಆ ದಿನ ಮೆಲ್ಲಗೆ, ಇಡಿಯಾಗಿ ಓದಿದೆ.