ಅರಿವೆ ಉಣ್ಣುವ ಹೊಲ

ಮೊನ್ನೆ ಹಳೆಯ ಸಂದೂಕ ಖಾಲಿ ಮಾಡುವಾಗ ನನ್ನ ಹೆಂಡತಿ ತಳದಿಂದ ಒಂದು ಟವೆಲನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ತಿಪ್ಪಿಗೆ ಚೆಲ್ಲಲೇನ್ರಿ?" ಎಂದು ಕೇಳಿದಳು. ಕೆಂಪು ಅಂಚಿನ, ಹಳದಿಗಟ್ಟಿದ ಟವೆಲು. ನಾನು ಕಸಿದುಕೊಂಡು ಮೂಸಿ ನೋಡಿದೆ. ಅವಳ ಪ್ರಕಾರ ಅದಕ್ಕೆ ಯಾವ ವಾಸನೆಯೂ ಇಲ್ಲ, ನನ್ನ ಮೂಗಿಗೆ ವಯಸ್ಸಾಗಿದೆ. ಆದರೆ ನನಗೆ ಬಂತು. ಸವಳು ಹಿಡಿದ ಹೊಲದ ವಾಸನೆ ನಿಮಗೆ ಗೊತ್ತಿರಲಾರದು. ಮೊದಲ ಮಳೆಗೆ ಏಳುತ್ತದಲ್ಲ, ಆ ಮಣ್ಣಿನ ಕಂಪು ಅದರಲ್ಲಿ ಇರುವುದಿಲ್ಲ. ಉಪ್ಪು ಹಾಕಿಟ್ಟು ಮರೆತುಬಿಟ್ಟ ಗಡಿಗೆಯ ವಾಸನೆ ಅದು.

ನಾವು ಬನಹಟ್ಟಿಯ ನೇಕಾರರು. ಎರಡು ಪವರ್‌ಲೂಮು, ಅಂಗೈಯಷ್ಟು ಅಂಗಡಿ, ಇಷ್ಟೇ ನನ್ನ ಸಾಮ್ರಾಜ್ಯ. ನಮ್ಮ ಅಪ್ಪನದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದ. ಬಟ್ಟೆಯ ತುಂಡೇನಾದರೂ ಜಾರಿ ಕುಣಿಗೆ ಬಿದ್ದರೆ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ: "ಲಗೂನ ಎತ್ತಕೊಳ್ರಿ, ಮಣ್ಣು ತಿಂದೀತು!" ಮಳೆಗಾಲದಲ್ಲಿ ಅಲ್ಲಿ ಮರೆತ ತುಂಡು ತಿಂಗಳೊಪ್ಪತ್ತಿನಲ್ಲಿ ಎಳೆಎಳೆಯಾಗಿ ಕೈಗೆ ಬರುತ್ತಿದ್ದದ್ದು ನಿಜ. ಹಾಗಾಗಿ ಇಲಿ ಎಷ್ಟು ವೈರಿಯೋ ಮಣ್ಣೂ ಅಷ್ಟೇ ವೈರಿ ಎಂದು ನಂಬಿ ಬೆಳೆದವನು ನಾನು. ನನ್ನ ಅಕ್ಕನೂ ಅದೇ ಕೂಗು ಕೇಳಿ ಬೆಳೆದವಳು. ಅವಳು ಅದರಿಂದ ಬೇರೆ ಪಾಠ ಕಲಿತಿದ್ದಳು ಎಂದು ತಿಳಿಯಲು ನನಗೆ ಅರ್ಧ ಆಯುಷ್ಯ ಬೇಕಾಯಿತು.

ಅಕ್ಕನನ್ನು ಕೊಟ್ಟದ್ದು ಹಿಪ್ಪರಗಿಯ ಆಚೆ, ಹೊಳೆದಂಡೆಯ ಊರಿಗೆ. ಭಾವ ಕಬ್ಬು ಬೆಳೆಯುವವರು. ನೀರಿಗೆ ಬರವಿಲ್ಲದ ಊರು. ಹಾಗಾಗಿ ಬಿಟ್ಟದ್ದೇ ಬಿಟ್ಟದ್ದು. ಕೆಳಗಿನ ಎರಡು ಎಕರೆಯಲ್ಲಿ ನೀರು ನಿಂತು ನಿಂತು, ನೆಲದ ಮೇಲೆ ಸುಣ್ಣ ಬಳಿದಂತೆ ಉಪ್ಪು ಕಾಣಿಸಿಕೊಂಡಿತು. ಭಾವ ಇನ್ನಷ್ಟು ಗೊಬ್ಬರದ ಚೀಲ ಸುರಿದರು, ಇನ್ನಷ್ಟು ನೀರು ಬಿಟ್ಟರು. ಕಬ್ಬು ಕಡಿದಾದ ಮೇಲೆ ಉಳಿಯುವ ಒಣಗರಿಗೆ, ನಮ್ಮ ಕಡೆ ರವದಿ ಅನ್ನುತ್ತಾರೆ, ಪ್ರತಿವರ್ಷ ಬೆಂಕಿ ಕೊಡುತ್ತಿದ್ದರು. ಹೊಲ ಉಂಡು ತೊಳೆದಿಟ್ಟ ಗಂಗಾಳದ ಹಾಗೆ ಸ್ವಚ್ಛವಾಯಿತೆಂದು ಅವರಿಗೆ ಹೆಮ್ಮೆ. ಕೊನೆಗೆ ಆ ಎರಡೆಕರೆಯಲ್ಲಿ ಕಬ್ಬು ಹೆಬ್ಬೆರಳಿನಷ್ಟೂ ದಪ್ಪ ಬರದಾದಾಗ, ಇಟ್ಟಂಗಿ ಸುಡುವ ಭಟ್ಟಿಯವರು ಬಂದು ಮೇಲ್ಮಣ್ಣು ಕೇಳಿದರು. ಭಾವ ಅರ್ಧ ಒಪ್ಪಿಯೂ ಬಿಟ್ಟಿದ್ದರು.

ಅಕ್ಕ ಫೋನು ಮಾಡಿದಳು. "ತಮ್ಮಾ, ಖರೇ ಹತ್ತಿ ಅರಿವಿ ಒಂದು ತಗೊಂಬಾ. ಹೊಲ ಬದುಕೇತೋ ಸತ್ತೇತೋ ನೋಡಬೇಕಾಗೇತಿ."

ನಾನು ನಕ್ಕೆ. ಆದರೂ ಹೋದೆ. ನನ್ನ ಅಂಗಡಿಯ ಮಾಲಿನ ಮೇಲೆ ನನಗೇ ಅಷ್ಟು ನಂಬಿಕೆ ಇಲ್ಲದ್ದರಿಂದ, ಅಪ್ಪ ಕೊನೆಗೆ ನೇಯ್ದ ಟವೆಲುಗಳಲ್ಲಿ ಉಳಿದಿದ್ದ ಒಂದನ್ನು ಒಯ್ದೆ. ಅದೇ ಈ ಕೆಂಪಂಚಿನದು. ಅಕ್ಕ ಅದನ್ನು ಕೆಳಗಿನ ಹೊಲದಲ್ಲಿ ಗೇಣು ಆಳಕ್ಕೆ ಹುಗಿದು, ಮೇಲೆ ಕಲ್ಲಿಟ್ಟಳು. ಎರಡು ತಿಂಗಳಾದ ಮೇಲೆ ನನ್ನನ್ನು ಕರೆಸಿ ನನ್ನೆದುರೇ ತೆಗೆದಳು. ಟವೆಲು ಹುಗಿದಾಗ ಇದ್ದ ಹಾಗೇ ಇತ್ತು. ಕೊಡವಿದರೆ ಹೆಗಲಿಗೆ ಹಾಕಿಕೊಳ್ಳಬಹುದಿತ್ತು. ನೇಕಾರನ ರಕ್ತ ನೋಡಿ, ನನಗೆ ಎದೆಯುಬ್ಬಿತು. "ನೋಡ್ರಿ ಭಾವಾ, ಅಪ್ಪನ ಮಗ್ಗದ ಮಾಲು! ಮಣ್ಣಿಗೂ ಜಗ್ಗಿಲ್ಲ!" ಎಂದು ಅದನ್ನು ಭಾವನ ಮುಂದೆ ಝಾಡಿಸಿ ತೋರಿಸಿದೆ.

ಅಕ್ಕ ಒಡ್ಡಿನ ಮೇಲೆ ಕುಳಿತುಬಿಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಅರಿವಿ ಗಟ್ಟಿ ಐತಿ ಅಂತಲ್ಲೋ ತಮ್ಮಾ. ಜೀವ ಇದ್ದ ಮಣ್ಣು ಅರಿವಿ ತಿಂತೈತಿ, ಈ ಮಣ್ಣಿಗೆ ಹಸಿವೇ ಇಲ್ಲ," ಎಂದಳು.

ಇಂದಿಗೂ ಆ ನನ್ನ ಝಾಡಿಸುವಿಕೆ ನೆನಪಾದರೆ ಮುಖ ಎಲ್ಲಿಡಲಿ ಅನ್ನಿಸುತ್ತದೆ. ಅಕ್ಕ ಮಾತ್ರ ಎದ್ದು ನಿಂತು ಗಂಡನಿಗೆ ಹೇಳಿದಳು: "ಮೂರು ವರ್ಷ ಈ ಎರಡೆಕರೆ ನನಗ ಬಿಡ್ರಿ. ಆಮ್ಯಾಲೆ ಭಟ್ಟಿಗರೆ ಹಾಕ್ರಿ, ಹೊಳಿಗರೆ ಚೆಲ್ರಿ."

ಭಾವ ಒಪ್ಪಿದರು; ಮೂರು ವರ್ಷ ಹೆಂಡತಿಯ ಬಾಯಿ ಕೇಳುವುದಕ್ಕಿಂತ ಅದೇ ಸುಲಭ ಅನ್ನಿಸಿರಬೇಕು. ಅಕ್ಕ ಮೊದಲು ನಿಂತ ನೀರು ಬಸಿದುಹೋಗಲು ಕಾಲುವೆ ತೋಡಿಸಿದಳು. ಕಬ್ಬಿಗೆ ರಜೆ ಕೊಟ್ಟು, ಹಸಿರುಗೊಬ್ಬರಕ್ಕೆಂದು ಡಯಂಚ ಬಿತ್ತಿ, ಹೂ ಬಿಡುವ ಹೊತ್ತಿಗೆ ನೇಗಿಲು ಹೊಡೆಸಿ ಮಣ್ಣಿಗೇ ಸೇರಿಸಿದಳು. ಕುರಿಗಾರರನ್ನು ಕರೆದು, ಜೋಳ ಕೊಟ್ಟು, ಹಿಕ್ಕೆ ಬೀಳಲೆಂದು ವಾರಗಟ್ಟಲೆ ಹಿಂಡು ನಿಲ್ಲಿಸಿದಳು. ಮೇಲಿನ ಹೊಲದ ರವದಿಯನ್ನು ಹೊತ್ತು ತಂದು ಇಲ್ಲಿ ಹಾಸಿದಳು. ಇದಕ್ಕೆ ಭಾವನ ಬೆಂಕಿಯ ಚಟ ಬಿಡಿಸಬೇಕಿತ್ತಲ್ಲ! ಹೊಲಕ್ಕೆ ಹೊರಟವರ ಕಿಸೆ ತಡಕಿ ಕಡ್ಡಿಪೆಟ್ಟಿಗೆ ತೆಗೆದಿಟ್ಟುಕೊಳ್ಳುತ್ತಿದ್ದಳು. ಪಾಪ, ಬೀಡಿ ಸೇದುವ ಮನುಷ್ಯ. "ನಿಮ್ಮಕ್ಕ ಪೊಲೀಸ್ ಆಗಬೇಕಿತ್ತಲೇ," ಎಂದು ಒಡ್ಡಿನ ಮೇಲೆ ಕುಳಿತು, ಹಚ್ಚದ ಬೀಡಿ ಬಾಯಲ್ಲಿಟ್ಟುಕೊಂಡೇ ನನಗೆ ದೂರುತ್ತಿದ್ದರು.

ವರ್ಷಕ್ಕೊಂದು ಅರಿವೆ ಒಯ್ದು ಕೊಡುವುದು ನನ್ನ ಪಾಲಿನ ಕೃಷಿ. ಮೊದಲ ವರ್ಷದ್ದು ಅಲ್ಲಲ್ಲಿ ತೂತು ಬಿದ್ದು ಬಂತು. ಎರಡನೆಯ ವರ್ಷ ಮಜಾ ಆಯಿತು. ಅಂಗಡಿಯಿಂದಲೇ ಒಂದು ಟವೆಲು ಒಯ್ದಿದ್ದೆ, ಅಪ್ಪಟ ಹತ್ತಿಯದೆಂದು ನಾನು ಮಾರುವಂಥದ್ದು. ಅಡ್ಡ ನೂಲೆಲ್ಲ ಕರಗಿ, ಉದ್ದ ನೂಲು ಮಾತ್ರ ಹೊಳೆಯುತ್ತ ಕೈಗೆ ಬಂತು. ಅದು ಪಾಲಿಸ್ಟರು! ನೂಲಿನವನು ನನಗೆ ಟೋಪಿ ಹಾಕಿದ್ದ, ನಾನು ಗಿರಾಕಿಗಳಿಗೆ ಹಾಕಿದ್ದೆ. "ಹೊಲ ಸುಧಾರಿಸೇತಿ. ನೀ ಯಾವಾಗ ಸುಧಾರಿಸ್ತಿ?" ಎಂದು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮೂರನೆಯ ವರ್ಷ ಭಾವನೇ ಸಲಿಕೆ ಹಿಡಿದರು. ಕಲ್ಲು ಸರಿಸಿ ತೋಡಿದರು, ಕೈಹಾಕಿ ಕೆದಕಿದರು. ಎರೆಹುಳುಗಳು ಹೊರಳಾಡಿದವು. ಸಿಕ್ಕಿದ್ದು ಅಂಚಿನ ನಾಲ್ಕು ಎಳೆ. "ಏನೂ ಇಲ್ಲಲೇ! ಏನೂ ಉಳಿದಿಲ್ಲ!" ಎಂದು ಅವರು ಕುಣಿದಾಡಿದ್ದು ಹೇಗೆಂದರೆ, ದೂರದಿಂದ ನೋಡಿದವರು ಇವರಿಗೆ ಕೊಪ್ಪರಿಗೆ ಹೊನ್ನು ಸಿಕ್ಕಿದೆ ಎಂದುಕೊಂಡಿರಬೇಕು. ಭಟ್ಟಿಯವರು ಮತ್ತೆ ಕೇಳಿಕೊಂಡು ಬಂದಾಗ ಭಾವ ಚಹಾ ಕುಡಿಸಿ ಕಳಿಸಿದರಂತೆ. ಈಗ ಅಲ್ಲಿ ಕಬ್ಬು, ನಡುವಿನ ಸಾಲಿನಲ್ಲಿ ಕಡಲೆ. ನಮ್ಮ ಮನೆಯ ಹೋಳಿಗೆಗೆ ಬೇಳೆ ಬರುವುದು ಅಲ್ಲಿಂದಲೇ. ತಿನ್ನುವಾಗ ಪ್ರತಿಸಲ ಅಕ್ಕನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಟವೆಲನ್ನು ಹೆಂಡತಿ ತಿಪ್ಪೆಗೆ ಚೆಲ್ಲಲಿಲ್ಲ. ನಾನೇ ಅದನ್ನು ಮಡಚಿಕೊಂಡು ನಿನ್ನೆ ಬಸ್ಸು ಹತ್ತಿದೆ. ಅಕ್ಕ ನೋಡಿದ ಕೂಡಲೇ ಗುರುತು ಹಿಡಿದಳು. ಇಬ್ಬರೂ ಕೆಳಗಿನ ಹೊಲಕ್ಕೆ ಹೋದೆವು. ರವದಿ ಸರಿಸಿ ನಾನೇ ತೋಡಿದೆ. ಮಣ್ಣು ಕರ್ರಗೆ, ಹಿಡಿದರೆ ಕೈಗೆ ತಂಪು. ಅಪ್ಪನ ಟವೆಲನ್ನು ಅದರೊಳಗೆ ಇಟ್ಟಾಗ ಅಪ್ಪನ ಕೂಗೇ ನನ್ನ ಗಂಟಲಿಗೆ ಬಂತು: ಲಗೂನ ಎತ್ತಕೊಳ್ರಿ. ನುಂಗಿಕೊಂಡು ಮಣ್ಣು ಎಳೆದೆ. ಅಕ್ಕ ಗುರುತಿಗೆ ಕಲ್ಲಿಡಲಿಲ್ಲ.

"ಯಾವಾಗ ತಗದು ನೋಡೂಣಬೇ ಅಕ್ಕಾ?" ಎಂದೆ.

"ಯಾಕ ತಗೀಬೇಕು?" ಎಂದು ಕೈಯ ಮಣ್ಣು ಕೊಡವಿದಳು. "ಉಣ್ಣಾಕ ಕುಂತವರ ಮುಂದಿನ ಗಂಗಾಳ ಯಾರರೆ ಎತ್ತತಾರೇನು?"