ಅಮ್ಮನ ಕೋಣೆಯ ಗಾಳಿ ಯಂತ್ರ

ಬೋಗಾದಿಯಲ್ಲಿ ನಾವಿದ್ದ ಬಾಡಿಗೆ ಮನೆಯ ಎರಡೂ ಪಕ್ಕದಲ್ಲಿ ಆ ವರ್ಷ ಹೊಸ ಮನೆಗಳು ಏಳುತ್ತಿದ್ದವು. ಒಂದು ಕಡೆ ಗ್ರಾನೈಟ್ ಕೊಯ್ಯುವ ಸದ್ದು, ಇನ್ನೊಂದು ಕಡೆ ಎಂ-ಸ್ಯಾಂಡ್ ಅನ್ನುವ ಕಲ್ಲುಪುಡಿ ಮರಳಿನ ರಾಶಿ. ಬೆಳಿಗ್ಗೆ ಒರೆಸಿದ ಕಿಟಕಿ ಮಧ್ಯಾಹ್ನಕ್ಕೆ ಬೂದು ಬಳಿದಂತಾಗುತ್ತಿತ್ತು. ಅಮ್ಮನಿಗೆ ಮೊದಲಿನಿಂದಲೂ ಉಬ್ಬಸ. ನ್ಯುಮೋನಿಯಾ ಆಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಅವಳು ಕೆಮ್ಮಿದಾಗಲೆಲ್ಲ ಕೈಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ.

ನನ್ನ ತಮ್ಮ ಕಡಕೊಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಇಂಜಿನಿಯರ್. ಗಾಳಿ ಶುದ್ಧ ಮಾಡುವ ಯಂತ್ರಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಒಂದು ಭಾನುವಾರ ಅವನು ಪರೀಕ್ಷೆಗೆಂದು ಮಾಡಿದ್ದ ಒಂದು ಯಂತ್ರವನ್ನು ಮನೆಗೆ ತಂದು ಅಮ್ಮನ ಮಂಚದ ಪಕ್ಕ ಇಟ್ಟ.

"ಇದು ತಣ್ಣನೆ ಪ್ಲಾಸ್ಮಾ ಕಣಕ್ಕ. ಒಳಗಡೆ ಜೋರು ಕರೆಂಟು ಹಾಯ್ಸಿ ಗಾಳೀನ ಒಡೀತದೆ. ಒಡೆದ ಚೂರುಗಳು ವೈರಸ್ಸು, ಬ್ಯಾಕ್ಟೀರಿಯಾನ ಸುಟ್ಟಂಗೆ ಮಾಡ್ತವೆ. ಧೂಳು ಒಂದಕ್ಕೊಂದು ಅಂಟ್ಕೊಂಡು ಕೆಳಗೆ ಕೂತ್ಕೊತದೆ."

"ಸುಡ್ತದಾ? ಅಮ್ಮನ ತಲೆ ಪಕ್ಕದಲ್ಲಿ?"

"ಬಿಸೀನೇ ಆಗಲ್ಲ. ಅದಕ್ಕೇ ತಣ್ಣನೇದು ಅನ್ನೋದು. ಮುಟ್ಟಿ ನೋಡು."

ಮುಟ್ಟಿದೆ. ತಣ್ಣಗೇ ಇತ್ತು. ಆದರೆ ಅದರ ಸಂದಿಯಲ್ಲಿ ಕಾಣುತ್ತಿದ್ದ ನೇರಳೆ ಬೆಳಕು, ಬುಸ್ಸೆನ್ನುವ ಸಣ್ಣ ಸದ್ದು ನನಗೆ ಹಿಡಿಸಲಿಲ್ಲ. ಅಮ್ಮ ಮಾತ್ರ, "ಇರಲಿ ಬುಡು, ನನ್ ಮಗ ಮಾಡಿರೋದು" ಎಂದಳು.

ಮೊದಲ ಕೆಲವು ದಿನ ಅವಳ ಕೆಮ್ಮು ಕಡಿಮೆಯಾಯಿತು. ನಾನೂ ಸ್ವಲ್ಪ ಧೈರ್ಯ ತಂದುಕೊಂಡೆ.

ಒಂದು ಬೆಳಿಗ್ಗೆ ಪಕ್ಕದವರು ಸರಿಯಾಗಿ ಅಮ್ಮನ ಕಿಟಕಿಯ ಕೆಳಗೇ ಕಲ್ಲು ಕೊಯ್ಯತೊಡಗಿದರು. ನಾನು ತಾರಸಿಯಲ್ಲಿ ಬಟ್ಟೆ ಒಣಗಹಾಕುತ್ತಿದ್ದೆ. ಧೂಳು ತಡೆಯಲಾರದೆ ಅಮ್ಮ ತಾನೇ ಎದ್ದು ಬಾಗಿಲು, ಕಿಟಕಿ ಎಲ್ಲ ಮುಚ್ಚಿ, ಯಂತ್ರದ ತಿರುಗುಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ್ದಳು.

ಕೆಳಗಿಳಿದು ಕೋಣೆಯ ಬಾಗಿಲು ತೆಗೆದೆ. ಮೂಗು ಸುಡುವಂಥ ಒಂದು ವಾಸನೆ ಮುಖಕ್ಕೆ ಹೊಡೆಯಿತು. ಅಮ್ಮ ಮಂಚದ ಅಂಚಿನಲ್ಲಿ ಮಂಡಿಗೆ ಕೈ ಊರಿ ಕೂತಿದ್ದಳು. ಬಾಯಿ ತೆರೆದಿತ್ತು, ಭುಜಗಳು ಮೇಲೇಳುತ್ತಿದ್ದವು, ಮಾತೇ ಇಲ್ಲ. ಇನ್‌ಹೇಲರ್ ಕಡೆ ಕೈ ತೋರಿಸಿದಳು.

ಯಂತ್ರದ ಪ್ಲಗ್ ಕಿತ್ತೆ. ಇನ್‌ಹೇಲರ್ ಬಾಯಿಗಿಟ್ಟು ಒತ್ತಿದೆ. ಕಿಟಕಿ ತೆರೆದರೆ ಕಲ್ಲಿನ ಧೂಳು ಮೋಡದ ಹಾಗೆ ನುಗ್ಗಿತು. ಮುಚ್ಚಿದರೆ ಆ ವಾಸನೆ. ಯಾವುದರಿಂದ ಅವಳನ್ನು ಕಾಪಾಡಲಿ? ಕಿಟಕಿಯ ಹಿಡಿ ಹಿಡಿದುಕೊಂಡು ಒಂದು ಗಳಿಗೆ ಕಲ್ಲಾಗಿ ನಿಂತೆ. ಅಮ್ಮನ ತುಟಿ ನೀಲಿಗೆ ತಿರುಗುತ್ತಿದೆ ಅನ್ನಿಸಿ ಕಿರುಚಿಕೊಂಡೆ.

ಎದುರು ಮನೆಯಾಕೆ ಓಡಿಬಂದರು. "ಹಾಲ್‌ಗೆ ಕರ್ಕೊಂಡ್ ಬನ್ನಿ ಕಣ್ರೀ, ಕಾರು ತೆಗೀತೀನಿ" ಎಂದರು. ಇಬ್ಬರೂ ಸೇರಿ ಅಮ್ಮನನ್ನು ಹಿಡಿದು ನಡೆಸಿದೆವು. ಕಾರಿನಲ್ಲಿ ಆಸ್ಪತ್ರೆಯ ದಾರಿಯುದ್ದಕ್ಕೂ ಅವಳ ತಲೆ ನನ್ನ ಭುಜದ ಮೇಲಿತ್ತು. ಪ್ರತಿ ಸಿಗ್ನಲ್ಲಿನಲ್ಲೂ ಇದೇ ಕೊನೆ ಅಂದುಕೊಂಡೆ.

ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಹಾಕಿದ ಮೇಲೆ ನಿಧಾನವಾಗಿ ಉಸಿರು ಹದಕ್ಕೆ ಬಂತು. ಸುದ್ದಿ ತಿಳಿದು ನನ್ನ ತಮ್ಮ ಹೆಲ್ಮೆಟ್ಟನ್ನೂ ತೆಗೆಯದೆ ಓಡಿಬಂದ.

"ಓಝೋನ್ ಅಕ್ಕಾ, ಉಸಿರಲ್ಲಿ ಒಳಗೆ ಹೋದ್ರೆ ವಿಷ. ಅದೇ ಕರೆಂಟು ಆಮ್ಲಜನಕಾನ ಓಝೋನ್ ಮಾಡ್ಬುಡ್ತದೆ. ಅದನ್ನ ಹಿಡಿಯೋಕೆ ಇದ್ದಿಲಿನ ಪದರ ಇಟ್ಟಿದ್ವಿ. ಮುಚ್ಚಿದ ಕೋಣೇಲಿ, ಅಷ್ಟು ಜೋರಲ್ಲಿ ಓಡಿದ್ರೆ ಅದು ಸಾಲಲ್ಲ..." ಗೋಡೆಗೆ ತಿರುಗಿ ಅತ್ತ.

ಉಬ್ಬಸದವರ ಹತ್ತಿರ ಅಂಥ ಯಂತ್ರವೇ ಬೇಡ ಎಂದರು ಡಾಕ್ಟರು. ಅಮ್ಮ ಮನೆಗೆ ಬಂದ ಮೇಲೆ ಅವಳ ಕೋಣೆಗೆ ಬರೀ ಫಿಲ್ಟರ್ ಇರುವ ಸಾದಾ ಯಂತ್ರ ತಂದೆವು. ನನ್ನ ತಮ್ಮ ಕಾರ್ಖಾನೆಯಲ್ಲಿ ಹಟ ಹಿಡಿದು, ಓಝೋನ್ ಹೆಚ್ಚಾದರೆ ತಾನೇ ನಿಲ್ಲುವಂತೆ ಯಂತ್ರವನ್ನು ಬದಲಾಯಿಸಿದ.

ಕೆಲವು ತಿಂಗಳ ನಂತರ ಆ ಹೊಸ ಯಂತ್ರವನ್ನು ಮನೆಗೆ ತಂದ. ಅಮ್ಮನನ್ನು ಎದುರು ಮನೆಗೆ ಕಳಿಸಿ, ಯಂತ್ರವನ್ನು ಪರೀಕ್ಷಿಸಲು ಅದನ್ನೂ ಓಝೋನ್ ಅಳೆಯುವ ಮೀಟರನ್ನೂ ಹಿಡಿದು ತನ್ನ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡ. ನಾನು ಹೊರಗೆ ನಿಂತೆ.

"ಬೇಡ ಕಣೋ, ಬಾರೋ ಆಚೆಗೆ!"

"ಏನೂ ಆಗಿಲ್ಲಕ್ಕ, ಮೀಟರ್ ಓಝೋನ್ ಕಮ್ಮೀನೇ ತೋರಿಸ್ತಾ ಇದೆ."

ಅವನ ಮಾತು ನನ್ನ ಕಿವಿಗೆ ಬಿತ್ತು, ಮನಸ್ಸಿಗಿಳಿಯಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋಗಿ, ಅವನ ತೋಳು ಹಿಡಿದು ಹೊರಗೆಳೆದುಕೊಂಡು ಬಂದೆ.